82 ಪರ್ಸೆಂಟ್ ಚಾರ್ಜ್ ಇಟ್ಕೊಂಡೇ ಸತ್ತು ಬಿದ್ದಿರೋ ಗಾಡಿ, ಯಾರಿಗ್ ಹೇಳ್ಲಿ

ಬೆಳಗಿನ ಜಾವ 4.30, ಅಪಾರ್ಟ್‌ಮೆಂಟಿನ ಎರಡನೇ ಬೇಸ್‌ಮೆಂಟು, ನಾನು ಬಿಳಿ ಪಂಚೆ ಮೊಣಕಾಲಿಗೆ ಕಟ್ಕೊಂಡು, ಬಾಯಲ್ಲಿ ಫೋನ್ ಟಾರ್ಚ್ ಕಚ್ಕೊಂಡು, ಹಿಂದಿನ ಸೀಟು ಮಡಚಿ ನನ್ನದೇ ಗಾಡಿ ಡಿಕ್ಕಿ ಒಳಗೆ ತೆವಳ್ತಾ ಇದ್ದೆ. ವಾಚ್‌ಮನ್ ಬಂದು ಟಾರ್ಚ್ ಬಿಟ್ಟು "ಯಾರದು" ಅಂದ. ಯಾರೋ ಗಾಡಿ ಒಡೀತಾವ್ರೆ ಅನ್ಕೊಂಡನಂತೆ. ನಾನೇ ಕಣಪ್ಪ ಅಂದೆ, ನಂಬೋಕೆ ಎರಡು ನಿಮಿಷ ತಗೊಂಡ.

ಅವತ್ತು ನಮ್ಮಜ್ಜಿ ತಿಥಿ. ಸಕಲೇಶಪುರದ ಹತ್ರ ನಮ್ಮೂರು, ಬೆಂಗಳೂರಿಂದ 220 ಕಿಲೋಮೀಟರ್ ಆಗುತ್ತೆ, 10 ಗಂಟೆ ಒಳಗೆ ಬಂದ್ಬಿಡು ಪುರೋಹಿತರು ಕಾಯಲ್ಲ ಅಂತ ಅಪ್ಪ ನಾಲ್ಕು ಸಲ ಫೋನ್ ಮಾಡಿ ಹೇಳಿದ್ರು. ಅದಕ್ಕೇ ನಾನು ಎಷ್ಟು ರೆಡಿ ಆಗಿದ್ದೆ ಅಂದ್ರೆ, ಎಲೆಕ್ಟ್ರಿಕ್ ಕಾರ್ ಇಟ್ಕೊಂಡೋರಿಗೆ ಈ ಕಾಯಿಲೆ ಗೊತ್ತಿರುತ್ತೆ, ರೋಡಲ್ಲಿ ಚಾರ್ಜ್ ಖಾಲಿ ಆಗಿ ನಿಂತ್ಬಿಟ್ರೆ ಏನ್ಗತಿ ಅನ್ನೋ ಒಂದೇ ಭಯಕ್ಕೆ ಡಿಕ್ಕಿ ತುಂಬ ಸಾಮಾನು, 15 ಆಂಪ್ಸ್ ಪೋರ್ಟಬಲ್ ಚಾರ್ಜರ್ರು, ದಪ್ಪ ವೈರಿಂದು 20 ಮೀಟರ್ ಎಕ್ಸ್‌ಟೆನ್ಷನ್ನು, ಅರ್ಥಿಂಗ್ ಚೆಕ್ ಮಾಡೋ ಪ್ಲಗ್ಗು, ಟೋ ಹುಕ್ಕು, ಸತ್ತ ಬ್ಯಾಟರಿಗೆ ಇನ್ನೊಂದು ಗಾಡಿ ಬ್ಯಾಟರಿಯಿಂದ ಕರೆಂಟ್ ಕೊಡೋ ಜಂಪರ್ ಕೇಬಲ್ಲು, ಫೋನಲ್ಲಿ ಏಳು ಚಾರ್ಜಿಂಗ್ ಆಪು, ಒಂದೊಂದು ಆಪಿನ ವಾಲೆಟ್ಟಲ್ಲೂ 80 ರೂಪಾಯಿ 130 ರೂಪಾಯಿ ಅಂತ ಸಿಕ್ಕಾಕೊಂಡಿರೋ ದುಡ್ಡು. ಕುಣಿಗಲ್ಲಲ್ಲಿ ಯಾವ ಚಾರ್ಜರ್ರು, ಚನ್ನರಾಯಪಟ್ಟಣದಲ್ಲಿ ಯಾವುದು, ಅದು ಕೆಟ್ಟಿದ್ರೆ ಹಾಸನದಲ್ಲಿ ಯಾವುದು, ಅಲ್ಲೂ ಯಾರೋ ಪುಣ್ಯಾತ್ಮ ಡೀಸೆಲ್ ಗಾಡಿ ಅಡ್ಡ ಇಟ್ಟು ಕಾಫಿಗೆ ಹೋಗಿದ್ರೆ ಮುಂದೆ ಎಲ್ಲಿ ಅಂತ ಎಲ್ಲಾ ಬರೆದಿಟ್ಕೊಂಡಿದ್ದೆ.

ಈ ಪಾಠ ಕಲಿಸಿದ್ದು ಶಿರಾಡಿ ಘಾಟು. ಹೋದ ವರ್ಷ ಮಂಗಳೂರಿಂದ ವಾಪಸ್ ಬರ್ತಾ ಪರ್ಸೆಂಟೇಜು ಕಣ್ಮುಂದೆ ಇಳೀತಾ ಇತ್ತು. ಆಮೇಲೆ ಲೆಕ್ಕ ಹಾಕ್ದೆ, ನಾಲ್ಕು ಜನ ಕೂತಿರೋ 1800 ಕೆಜಿ ಗಾಡಿನ ಸಮುದ್ರದ ಮಟ್ಟದಿಂದ 900 ಮೀಟರ್ ಮೇಲಕ್ಕೆ ಎತ್ತೋಕೇ ಹತ್ತಿರತ್ರ 4.5 ಯುನಿಟ್ ಬೇಕು, ನನ್ನ 30 ಯುನಿಟ್ ಬ್ಯಾಟರಿಲಿ ಅದೇ 15 ಪರ್ಸೆಂಟ್, ಓಡೋಕೆ ಬೇಕಾಗಿದ್ದು ಬೇರೆ. ಬ್ರೋಷರ್ ರೇಂಜ್ ನಂಬ್ಕೊಂಡು ಘಾಟಿ ಹತ್ತೋದು ಬೇಡ ಅಂತ ಅವತ್ತೇ ತೀರ್ಮಾನ ಮಾಡಿದ್ದೆ.

ಸರಿ ಇಷ್ಟೆಲ್ಲಾ ಮಾಡಿ ಆ ಬೆಳಿಗ್ಗೆ ಹೋಗಿ ಕೀ ಒತ್ತಿದ್ರೆ ಗಾಡಿ ಉಸಿರೇ ಎತ್ತಲಿಲ್ಲ. ಇಂಡಿಕೇಟರ್ ಇಲ್ಲ, ಲಾಕ್ ತೆಗೆಯಲ್ಲ, ಏನೂ ಇಲ್ಲ. ರಾತ್ರಿ ಗಾಡಿ ಕಂಪನಿ ಆಪಲ್ಲಿ ನೋಡಿದಾಗ 82 ಪರ್ಸೆಂಟ್ ಇತ್ತು ಕಣ್ರೀ! ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಅವತ್ತು ಗೊತ್ತಾಯ್ತು ಆ ಪೂಜಾರಿ ಯಾರು ಅಂತ. ಬಾನೆಟ್ ಒಳಗೆ ಮೂಲೆಲಿ ಕೂತಿರೋ ಮಾಮೂಲಿ 12 ವೋಲ್ಟ್ ಬ್ಯಾಟರಿ, ನಮ್ಮಪ್ಪನ ಹಳೇ ಕಾರಲ್ಲಿ ಇತ್ತಲ್ಲ ಅದೇ ಜಾತಿದು.

ಲಕ್ಷಗಟ್ಟಲೆ ರೂಪಾಯಿ ದೊಡ್ಡ ಬ್ಯಾಟರಿ ಕೆಳಗಡೆ ಮಲಗಿರುತ್ತೆ, ಗಾಡಿ ಆಫ್ ಮಾಡಿದ ತಕ್ಷಣ ಸೇಫ್ಟಿಗೆ ಅಂತ ಅದರ ಕನೆಕ್ಷನ್ ಕಟ್ ಆಗುತ್ತೆ. ಮತ್ತೆ ಸೇರಿಸೋಕೆ ಒಂದು ದೊಡ್ಡ ರಿಲೇ, ಅಂದ್ರೆ ಕರೆಂಟಲ್ಲಿ ಓಡೋ ಸ್ವಿಚ್ಚು, ಟಕ್ ಅಂತ ಕೂರಬೇಕು, ಆ ರಿಲೇಗೆ ಕರೆಂಟ್ ಕೊಡೋದು ಈ ಚಿಕ್ಕ ಬ್ಯಾಟರಿ. ಇದು ಸತ್ರೆ ದೊಡ್ಡದು ತುಂಬಿ ತುಳುಕ್ತಿದ್ರೂ ಕಲ್ಲಿಗೆ ಸಮ. ಚಾರ್ಜರ್ ಚುಚ್ಚಿದ್ರೂ ಪ್ರಯೋಜನ ಇಲ್ಲ, ಚಾರ್ಜರ್ ಜೊತೆ ಮಾತಾಡಬೇಕಾಗಿರೋ ಗಾಡಿ ಕಂಪ್ಯೂಟರ್ರೇ ಎಚ್ಚರ ಇರಲ್ಲ. ಪೆಟ್ರೋಲ್ ಗಾಡಿ ಆದ್ರೆ ನಾಲ್ಕು ಜನ ತಳ್ಳಿ ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ರೆ ಓಡುತ್ತೆ, ಇದನ್ನ ತಳ್ಳೋಕೂ ಆಗಲ್ಲ, ಗೇರು ನ್ಯೂಟ್ರಲ್‌ಗೆ ಬರೋಕೂ ಕರೆಂಟ್ ಬೇಕು ಹ್ಯಾಂಡ್‌ಬ್ರೇಕ್ ಬಿಡೋಕೂ ಕರೆಂಟ್ ಬೇಕು. ಇನ್ನೊಂದು ಮೋಸ ಏನು ಗೊತ್ತಾ, ಪೆಟ್ರೋಲ್ ಗಾಡಿಲಿ ಬ್ಯಾಟರಿ ಸಾಯೋ ಮುಂಚೆ ಒಂದು ವಾರ ಸೆಲ್ಫು ಗೊಂಯ್ ಗೊಂಯ್ ಅಂತ ಅತ್ತು ಹೇಳುತ್ತೆ, ಇದರಲ್ಲಿ ಸೆಲ್ಫ್ ಮೋಟರ್ರೇ ಇಲ್ಲ, ಹಂಗಾಗಿ ಅಳೋದೂ ಇಲ್ಲ. ನಿನ್ನೆ ಚೆನ್ನಾಗಿತ್ತು, ಇವತ್ತು ಹೆಣ.

ಈಗ ಡಿಕ್ಕಿ ವಿಷಯಕ್ಕೆ ಬರ್ತೀನಿ. ಜಂಪರ್ ಕೇಬಲ್ ಇತ್ತು ಅಂದ್ನಲ್ಲ, ಎಲ್ಲಿತ್ತು? ಡಿಕ್ಕಿಲಿ. ಡಿಕ್ಕಿ ಲಾಕ್ ಹೆಂಗೆ ತೆಗೆಯುತ್ತೆ? ಕರೆಂಟಲ್ಲಿ! ಆಪತ್ತಿಗೆ ಅಂತ ಕೂಡಿಟ್ಟಿದ್ದನ್ನೆಲ್ಲಾ ಆ ಆಪತ್ತೇ ಒಳಗೆ ಹಾಕ್ಕೊಂಡು ಬೀಗ ಜಡಿದಿತ್ತು. ಕೀ ಒಳಗೆ ಒಂದು ಸಣ್ಣ ಕಬ್ಬಿಣದ ಕೀ ಅಡಗಿರುತ್ತೆ ಅನ್ನೋದೇ ಅರ್ಧ ಜನಕ್ಕೆ ಗೊತ್ತಿಲ್ಲ, ನನಗೂ ಹೆಂಡತಿ ಮೇಲಿಂದ ಮ್ಯಾನ್ಯುಯಲ್ ಪಿಡಿಎಫ್ ಓದಿ ಹೇಳಿದ್ಮೇಲೇ ಗೊತ್ತಾಗಿದ್ದು, ಅದೂ ಬೇಸ್‌ಮೆಂಟಲ್ಲಿ ನೆಟ್‌ವರ್ಕ್ ಇಲ್ದೆ ನಾನು ಎರಡು ಫ್ಲೋರ್ ಹತ್ತೋದು ಇಳಿಯೋದು ಮಾಡ್ಕೊಂಡು. ಅದರಲ್ಲಿ ಡ್ರೈವರ್ ಬಾಗಿಲು ತೆಗೆದು, ಒಳಗಿಂದ ಸೀಟು ಮಡಚಿ, ತೆವಳಿ... ವಾಚ್‌ಮನ್ ಬಂದಿದ್ದು ಆಗಲೇ.

ಕೇಬಲ್ಲೇನೋ ಸಿಕ್ತು, ಕರೆಂಟ್ ಕೊಡೋ ಇನ್ನೊಂದು ಗಾಡಿ? ಪಕ್ಕದ ಸ್ಲಾಟ್‌ದೂ ಎಲೆಕ್ಟ್ರಿಕ್ಕೇ, ಎಬ್ಬಿಸಿ ಕೇಳಿದ್ರೆ ಅವರ ಮ್ಯಾನ್ಯುಯಲ್‌ನಲ್ಲಿ ಬೇರೆ ಗಾಡಿಗೆ ಜಂಪ್ ಕೊಡಬೇಡಿ ಅಂತ ಬರೆದಿದೆಯಂತೆ. ಅವರದ್ದೇನೂ ತಪ್ಪಿಲ್ಲ, ನಂದ್ರಲ್ಲೂ ಅದೇ ಬರೆದಿದೆ. ಐದು ಗಂಟೆಗೆ ಬೇರೆಯವರ ಬಾಗಿಲು ಬಡಿಯೋ ಧೈರ್ಯ ಬರ್ಲಿಲ್ಲ, ಸರಿ ಹೆಲ್ಪ್‌ಲೈನಿಗೆ ಫೋನ್ ಮಾಡ್ದೆ. ಇಂಗ್ಲಿಷಿಗೆ ಒಂದು ಒತ್ತಿ ಹಿಂದಿಗೆ ಎರಡು ಒತ್ತಿ ಎಲ್ಲಾ ಆಗಿ ಕೊನೆಗೊಬ್ರು ಸಿಕ್ಕಿ "ಸಾರ್ ಒಂದ್ಸಲ ಗಾಡಿ ಆನ್ ಮಾಡಿ ಕಿಲೋಮೀಟರ್ ಎಷ್ಟಾಗಿದೆ ನೋಡಿ ಹೇಳ್ತೀರಾ" ಅಂದ್ರು. ಆನ್ ಆಗಿದ್ರೆ ನಿಮಗ್ಯಾಕೆ ಫೋನ್ ಮಾಡ್ತಿದ್ದೆ ಮೇಡಂ? "ಪ್ರೊಸೀಜರ್ ಸಾರ್."

ಎರಡೂವರೆ ಗಂಟೆ ಕಾಯಿಸಿ ಕಳಿಸಿದ್ದು ಹುಕ್ ಹಾಕಿ ಎಳ್ಕೊಂಡು ಹೋಗೋ ಗಾಡಿ. ಎಲೆಕ್ಟ್ರಿಕ್ ಅಂತ ಮೂರು ಸಲ ಹೇಳಿದ್ದೆ. ಮುಂದಿನ ಚಕ್ರ ಎತ್ತಿದ್ರೆ ಹಿಂದಿನದು ಹ್ಯಾಂಡ್‌ಬ್ರೇಕಲ್ಲಿ ಕಚ್ಕೊಂಡಿದೆ, ಹಿಂದಿನದು ಎತ್ತಿದ್ರೆ ಮುಂದಿನದು ಗೇರಲ್ಲಿ ಲಾಕು, ಎಳೆದು ಚಕ್ರ ತಿರುಗಿತು ಅಂದ್ರೆ ಮೋಟರ್ ತಾನೇ ಕರೆಂಟ್ ಹುಟ್ಟಿಸಿ ಒಳಗಿರೋದನ್ನ ಹಾಳ್ ಮಾಡ್ಬಹುದು, ಇದಕ್ಕೆ ಪೂರ್ತಿ ಮೇಲೆ ಹತ್ತಿಸ್ಕೊಂಡು ಹೋಗೋ ಫ್ಲಾಟ್‌ಬೆಡ್ಡೇ ಬೇಕು. ಆ ಫ್ಲಾಟ್‌ಬೆಡ್ಡು ನಮ್ಮ ಬೇಸ್‌ಮೆಂಟ್ ಸೀಲಿಂಗ್ ಕೆಳಗೆ ನುಗ್ಗಲ್ಲ. ಪಾಪ ಬಂದ ಹುಡುಗ ಇದೆಲ್ಲಾ ಕೇಳಿ ತಲೆ ಕೆರ್ಕೊಂಡು "ನಮಗ್ ಹೇಳೇ ಇಲ್ಲ ಸಾರ್" ಅಂತ ಸೈನ್ ಮಾಡಿಸ್ಕೊಂಡು ಹೋದ. ಅವನಿಗೆ ಬೈದು ಏನ್ ಪ್ರಯೋಜನ.

ಕೊನೆಗೆ ಕಾಪಾಡಿದ್ದು ಗೇಟ್ ಹತ್ರ ತರಕಾರಿ ಮಾರೋನು. ವಿಷಯ ಕೇಳಿ "ಅಷ್ಟೇನಾ ಸಾರ್" ಅಂತ 10ನೇ ನಂಬರ್ ಸ್ಪ್ಯಾನರ್ ತಗೊಂಡು ತನ್ನ ಪುಟ್ಟ ಗೂಡ್ಸ್ ಗಾಡಿ ಬ್ಯಾಟರಿನೇ ಬಿಚ್ಚಿ, ಭುಜದ ಮೇಲೆ ಇಟ್ಕೊಂಡು ಎರಡು ಫ್ಲೋರ್ ಇಳಿದು ಬಂದ. ಕೆಂಪಿಗೆ ಕೆಂಪು, ಕಪ್ಪುದು ಬಾಡಿ ಕಬ್ಬಿಣಕ್ಕೆ. ಬಟನ್ ಒತ್ತಿದೆ, ಟಕ್. 82 ಪರ್ಸೆಂಟ್, ಏನೂ ಆಗೇ ಇಲ್ಲ ಅನ್ನೋ ತರ ಹಾಡು ಬೇರೆ ಶುರು ಆಯ್ತು. ಐದೇ ನಿಮಿಷ. ದುಡ್ಡು ತಗೊಳಲ್ಲ ಅಂದ, ಎರಡು ಕೆಜಿ ಬೀನ್ಸ್ ತಗೊಂಡೆ.

ಗಾಡಿ ಆನಲ್ಲಿದ್ರೆ ದೊಡ್ಡ ಬ್ಯಾಟರಿ ಚಿಕ್ಕದಕ್ಕೆ ಚಾರ್ಜ್ ಕೊಡ್ತಾ ಇರುತ್ತೆ ನಿಜ, ಆದ್ರೂ ಹಾಸನದಲ್ಲಿ ಚಾರ್ಜಿಗೆ ನಿಲ್ಲಿಸಿದಾಗ ಮತ್ತೆ ಎದ್ದೇಳುತ್ತೋ ಇಲ್ವೋ ಅಂತ ಕೈ ನಡುಗ್ತಿತ್ತು. ಊರು ಮುಟ್ಟಿದಾಗ ಮಧ್ಯಾಹ್ನ 1 ಗಂಟೆ. ಪಿಂಡ ಇಟ್ಟಾಗಿತ್ತು, ಕಾಗೆ ಮುಟ್ಟಿ ಆಗಿತ್ತು, ಪುರೋಹಿತರು ಹೊರಟು ಆಗಿತ್ತು. ಅಪ್ಪ ಮುಖ ನೋಡ್ಲಿಲ್ಲ. ಚಿಕ್ಕಪ್ಪ ಮಾತ್ರ ಎಲೆ ಮುಂದೆ ಕೂತು "ಏನೋ ಮರಿ, ಕರೆಂಟ್ ಹೋಗಿತ್ತಾ" ಅಂದ್ರು, ವಡೆ ಗಂಟಲಲ್ಲಿ ಇಳೀಲಿಲ್ಲ.

ಆ ವಾರ ಸರ್ವಿಸ್ ಸೆಂಟರಿಗೆ ಹೋದೆ. ಬ್ಯಾಟರಿಗೆ ಲೋಡ್ ಹಾಕಿ ನೋಡಿದ್ರು, ವೋಲ್ಟೇಜು 10ರ ಕೆಳಗೆ ದಬಕ್ ಅಂತ ಬಿತ್ತು, ಸೆಲ್ ಹೋಗಿದೆ ಅಂದ್ರು. ದೊಡ್ಡ ಬ್ಯಾಟರಿಗೆ 8 ವರ್ಷ ವಾರಂಟಿ ಅಂತ ಶೋರೂಮಲ್ಲಿ ಎಷ್ಟು ಸಲ ಹೇಳಿದ್ರು, ಇದರದ್ದು ಮುಗಿದು ತಿಂಗಳಾಗಿತ್ತು, ಅದನ್ನ ಯಾರೂ ಹೇಳಿರ್ಲಿಲ್ಲ. 5,200 ರೂಪಾಯಿ. ಉರಿ ಹತ್ತಿದ್ದು ಅದಕ್ಕಲ್ಲ. "ಗಾಡಿ ತುಂಬಾ ದಿನ ನಿಲ್ಸಿದ್ರಾ" ಅಂದ್ರು, ಹೌದು 18 ದಿನ. "ಡ್ಯಾಶ್‌ಕ್ಯಾಮ್ ಪಾರ್ಕಿಂಗ್ ಮೋಡಲ್ಲಿ ಇತ್ತಾ", ಅಂದ್ರೆ ಗಾಡಿ ನಿಂತಿರೋವಾಗಲೂ ಮುಂದಿನ ಗಾಜಿನ ಕ್ಯಾಮೆರಾ ಎಚ್ಚರ ಇತ್ತಾ ಅಂತ, ಹೌದು. "ಆಪ್ ತೆಗೆದು ಚಾರ್ಜ್ ಎಷ್ಟಿದೆ ಅಂತ ಪದೇ ಪದೇ ನೋಡ್ತಿದ್ರಾ?" ದಿನಕ್ಕೆ ಎಂಟತ್ತು ಸಲ ನೋಡ್ತಿದ್ದೆ ಸ್ವಾಮಿ, ಚಾರ್ಜ್ ಖಾಲಿ ಆಗ್ಬಾರ್ದು ಅಂತ! ಪ್ರತಿ ಸಲ ಆಪ್ ತೆಗೆದಾಗಲೂ ಗಾಡಿ ನಿದ್ದೆಯಿಂದ ಎದ್ದು ಉತ್ತರ ಕೊಡುತ್ತಂತೆ, ಆ ಎದ್ದೇಳೋ ಖರ್ಚೆಲ್ಲಾ ಚಿಕ್ಕ ಬ್ಯಾಟರಿ ಮೇಲೇ ಅಂತೆ. ಮೊದ್ಲೇ ಹಳಸಿದ್ದಕ್ಕೆ ನಾನು ಮೊಬೈಲಲ್ಲಿ ಒತ್ತಿ ಒತ್ತಿ ಪ್ರಾಣ ತೆಗೆದಿದ್ದೀನಿ. ಆ ಆಪ್‌ನ ದೊಡ್ಡ ಫೀಚರ್ ಅಂತ ಮಾರಿದ್ದು ಯಾರು? ಡೆಲಿವರಿ ದಿನ ಹಾರ ಹಾಕಿ ಕೇಕ್ ಕಟ್ ಮಾಡಿಸಿ ಅರ್ಧ ಗಂಟೆ ಸನ್‌ರೂಫ್ ತೆಗೆದು ಮುಚ್ಚಿ ತೋರಿಸಿದ್ರಲ್ಲ, ಅದರಲ್ಲಿ ಎರಡು ನಿಮಿಷ ಇದನ್ನ ಹೇಳೋಕೆ ಏನಾಗಿತ್ತು?

ಈಗ ಇನ್ನೊಂದು ಗಾಡಿ ಇಲ್ದೇನೇ ಸತ್ತ ಬ್ಯಾಟರಿ ಎಬ್ಬಿಸೋ ಒಂದು ಜಂಪ್ ಸ್ಟಾರ್ಟರ್ ತಗೊಂಡಿದ್ದೀನಿ, ಕೈಯಗಲದ್ದು. ಡಿಕ್ಕಿಲಿ ಇಡೋ ಹಂಗಿಲ್ಲ, ಯಾಕೆ ಅಂತ ಗೊತ್ತಲ್ಲ. ಬಿಸಿಲಲ್ಲಿ ನಿಲ್ಸೋ ಗಾಡಿ ಒಳಗೂ ಇಡಬೇಡಿ ಅಂತ ಬಾಕ್ಸ್ ಮೇಲೆ ಬರೆದಿದೆ. ಹಂಗಾಗಿ ಆಫೀಸ್ ಬ್ಯಾಗಲ್ಲಿ ಲಂಚ್ ಬಾಕ್ಸ್ ಪಕ್ಕ ಹೊತ್ಕೊಂಡು ತಿರುಗ್ತಾ ಇದ್ದೀನಿ. ಅದನ್ನೂ ಮೂರು ತಿಂಗಳಿಗೊಂದ್ಸಲ ಚಾರ್ಜ್ ಮಾಡಬೇಕಂತೆ, ಫೋನಲ್ಲಿ ರಿಮೈಂಡರ್ ಇಟ್ಟಿದ್ದೀನಿ. ಹೆಂಡತಿ ನೋಡಿ "ಫೋನ್ ಚಾರ್ಜ್ ಇಲ್ದಿದ್ರೆ?" ಅಂದ್ಲು.

ಅಪ್ಪ ನಿನ್ನೆ ಫೋನ್ ಮಾಡಿದ್ರು, ಆರು ವಾರ ಆದ್ಮೇಲೆ. ಮುಂದಿನ ವರ್ಷದ ತಿಥಿ ಯಾವಾಗ ಬರುತ್ತೆ ಅಂತ ಪಂಚಾಂಗ ನೋಡಿಸಿದ್ದಾರಂತೆ, ಹಿಂದಿನ ರಾತ್ರಿ ಬಸ್ಸಿಗೆ ಟಿಕೆಟ್ಟು ಅವರೇ ಬುಕ್ ಮಾಡಿಸ್ತಾರಂತೆ.