ಕೆಲಸ ಕೊಡುವ ಮುಂಚೆ ಫೇಸ್‌ಬುಕ್ ನೋಡಬಹುದೇ?

ಪರ: ನೋಡದೆ ಕೊಡುವುದು ಹೇಗೆ?
(ಮಡಿಕೇರಿ ಬಳಿ ಹೋಮ್‌ಸ್ಟೇ ನಡೆಸುವವರು)

ಹುತ್ತರಿ ಕಳೆದಿತ್ತು, ಕ್ರಿಸ್‌ಮಸ್ ರಜೆ ಎದುರಿಗಿತ್ತು, ನಮ್ಮ ಅಡುಗೆಯವನು ಹೇಳದೆ ಕೇಳದೆ ಹೋಗಿಬಿಟ್ಟಿದ್ದ. ತೋಟಗಳಲ್ಲಿ ಕಾಫಿ ಕುಯ್ಲು ಶುರುವಾಯಿತೆಂದರೆ ಇಲ್ಲಿ ಆಳು ಸಿಗುವುದು ಕನಸು. ಪತ್ರಿಕೆಗೆ ಜಾಹೀರಾತು ಕೊಟ್ಟೆ. ಬಂದದ್ದು ಎರಡು ಫೋನು, ಅದರಲ್ಲೊಂದು ಇನ್ಶೂರೆನ್ಸ್‌ನವರದು. ಕೊನೆಗೆ ನಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಯಾವ ಶಿಬಿರಕ್ಕೆ ಅಕ್ಕಿ ಬೇಕು, ಯಾವುದಕ್ಕೆ ಕಂಬಳಿ ಎಂದು ತಿಳಿಸಲು ಕಟ್ಟಿದ ಗ್ರೂಪು ಅದು. ಈಗ ಹಂದಿಮರಿಯಿಂದ ಹಿಡಿದು ಹೆಣ್ಣುಗಂಡಿನ ತನಕ ಎಲ್ಲವೂ ಅಲ್ಲೇ. ಸಂಜೆಯೊಳಗೆ ಒಂಬತ್ತು ಜನ ಕೇಳಿದರು.

ಅವರಲ್ಲೊಬ್ಬ ಇನ್‌ಸ್ಟಾಗ್ರಾಮ್ ಲಿಂಕ್ ಕಳಿಸಿದ. ಪಂದಿಕರಿ, ಅಂದರೆ ನಮ್ಮ ಕೊಡಗಿನ ಹಂದಿಮಾಂಸದ ಅಡುಗೆ, ಮಾಡುವ ವಿಡಿಯೊ. ಮಾಂಸ ಬೆಂದ ಮೇಲೆ, ಕೊನೆಯಲ್ಲಿ ಕಾಚಂಪುಳಿ ಎಂಬ ನಮ್ಮ ಕಪ್ಪು ಹುಳಿ ಬಿಟ್ಟ, ಬಿಡಬೇಕಾದ್ದೇ ಆಗ. ನನಗೆ ಅಷ್ಟು ಸಾಕಿತ್ತು. ಇದನ್ನು ಯಾವ ಸರ್ಟಿಫಿಕೇಟ್ ಹೇಳುತ್ತದೆ?

ಇನ್ನೊಬ್ಬ ಜೀಪ್ ಡ್ರೈವರ್. ಲೈಸೆನ್ಸ್ ಸರಿ, ಮಾತು ನಯ. ಅವನ ರೀಲ್ಸ್ ನೋಡಿದರೆ ಮಾಂದಲಪಟ್ಟಿ ರಸ್ತೆಯ ಮಂಜಿನಲ್ಲಿ ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಮೊಬೈಲು, ಹಿಂದೆ ಪ್ರವಾಸಿಗರ ಕಿರುಚಾಟ! ಅವನ ಕೈಗೆ ನನ್ನ ಮನೆಗೆ ಬಂದ ಅತಿಥಿಗಳ ಮಕ್ಕಳನ್ನು ಕೊಡಲೇ?

ಖಾಸಗಿತನ ಎನ್ನುತ್ತಾರೆ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ನಿಂತು ಕೂಗಿದವನು, ಕೇಳಿಸಿಕೊಂಡವರನ್ನು ಕಳ್ಳರು ಎಂದಂತಾಯಿತು. ಬೇಡವಾದರೆ ಅಕೌಂಟಿಗೆ ಬೀಗ ಹಾಕಿಕೊಳ್ಳಲಿ. ಲಿಂಕ್ಡ್‌ಇನ್ ಇರುವುದೇ ನಾಲ್ಕು ಜನ ನೋಡಿ ಕೆಲಸಕ್ಕೆ ಕರೆಯಲಿ ಎಂದು. ಅಲ್ಲಿ ನೋಡಬಹುದು, ಇಲ್ಲಿ ನೋಡಬಾರದು ಅಂದರೆ ಯಾವ ನ್ಯಾಯ? ಹಿಂದೆಯೂ ತೋಟಕ್ಕೆ ರೈಟರ್ (ಲೆಕ್ಕ ಬರೆಯುವವನು) ಬೇಕಾದಾಗ, ಹಿಂದಿನ ತೋಟ ಯಾಕೆ ಬಿಟ್ಟ, ಕುಡಿಯುತ್ತಾನಾ ಎಂದು ನಾಲ್ಕು ಮನೆಯಲ್ಲಿ ವಿಚಾರಿಸುತ್ತಿರಲಿಲ್ಲವೆ? ಆಗದವರ ಚಾಡಿ ಕೇಳುವುದಕ್ಕಿಂತ, ಅವನೇ ಹಾಕಿದ್ದನ್ನು ನೋಡುವುದು ಮೇಲು. ನಾನು ನೋಡುತ್ತೇನೆ, ನೋಡುತ್ತಲೇ ಇರುತ್ತೇನೆ.

ವಿರೋಧ: ಅಡುಗೆ ನೋಡಿ, ಮನೆಹೆಸರು ಬೇಡ
(ನಿವೃತ್ತ ಉಪನ್ಯಾಸಕ, ವಿರಾಜಪೇಟೆ)

ಸಂಪಾದಕರು ವಿರೋಧ ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ಮೊದಲು ಕಾನೂನು ಹೇಳುವುದು ವಾಡಿಕೆ. 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ. ಆದರೆ ನಾವೇ ಸಾರ್ವಜನಿಕವಾಗಿ ಹಾಕಿಕೊಂಡದ್ದಕ್ಕೆ ಅದು ಅನ್ವಯಿಸದು. ಹೀಗೆ ಕಾನೂನು ನನ್ನನ್ನು ಅರ್ಧ ದಾರಿಯಲ್ಲೇ ಇಳಿಸಿ ಹೋಗುತ್ತದೆ.

ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಊರುಗಳಿಗೆ, ತೋಟದ ಕೂಲಿಯವರ ಸಾಲುಮನೆಗಳ, ಅಂದರೆ ಲೈನ್ ಮನೆಯ ಹೆಣ್ಣುಮಕ್ಕಳಿಗೆ ಈ ಗ್ರೂಪುಗಳ ಸುದ್ದಿ ಮುಟ್ಟುವುದಿಲ್ಲ. ಅದೂ ಒಂದು ವಾದ, ಇರಲಿ.

ನನಗೆ ನಿಜಕ್ಕೂ ಕಸಿವಿಸಿಯಾಗುವುದು ಬೇರೆಯದಕ್ಕೆ. ಕೊಡಗಿನಲ್ಲಿ ಪ್ರೊಫೈಲ್ ತೆರೆದರೆ ಮೊದಲು ಕಾಣುವುದು ಹೆಸರು, ಮನೆಹೆಸರು. ಯಾವ ಜನ, ಯಾವ ನಾಡು ಎಂಬುದು ಅದರಲ್ಲೇ ತಿಳಿದುಹೋಗುತ್ತದೆ. ಆಮೇಲೆ ನೋಡುವುದೇನು ಉಳಿಯಿತು? 2015ರ ನವೆಂಬರ್‌ನಲ್ಲಿ ಟಿಪ್ಪು ಜಯಂತಿಯ ಗಲಭೆಯಾದಾಗ ಹೈಸ್ಕೂಲು ಹುಡುಗರೂ ಎರಡೂ ಕಡೆ ಫೇಸ್‌ಬುಕ್‌ನಲ್ಲಿ ಏನೇನೋ ಗೀಚಿದರು. ಅವರೀಗ ಕೆಲಸ ಹುಡುಕುವ ವಯಸ್ಸಿನವರು.

ಹಾಗೆಂದು ನಾನೇನೂ ಸಾಚಾ ಅಲ್ಲ. ಒಮ್ಮೆ ಅತಿಥಿ ಉಪನ್ಯಾಸಕರ ಆಯ್ಕೆಗೆ ಕೂತಿದ್ದೆ. ಒಬ್ಬ ಹುಡುಗ ಪಾಠ ಚೆನ್ನಾಗಿಯೇ ಮಾಡಿ ತೋರಿಸಿದ. ರಾತ್ರಿ ಚಪಲಕ್ಕೆ ಅವನ ಹೆಸರು ಹುಡುಕಿದೆ. ಬಾಟಲಿ ಹಿಡಿದು ಜೀಪಿನ ಮೇಲೆ ಕುಣಿಯುವ ಫೋಟೊ. ಮಾರನೆಯ ದಿನ ಕಾರಣ ಹೇಳದೆ ಬೇಡ ಎಂದೆ. ತಿಂಗಳ ಮೇಲೆ ಗೊತ್ತಾಯಿತು, ಫೋಟೊದವನು ಅವನ ದೊಡ್ಡಪ್ಪನ ಮಗ. ತಾತನ ಹೆಸರನ್ನೇ ಇಬ್ಬರಿಗೂ ಇಟ್ಟಿದ್ದರು. ಅಷ್ಟರಲ್ಲಿ ಜಾಗ ತುಂಬಿತ್ತು.

ಮುಂದೆ ಗೋಣಿಕೊಪ್ಪದ ಒಂದು ಮದುವೆಯಲ್ಲಿ ಪಕ್ಕದ ಎಲೆಗೇ ಬಂದು ಕೂತ. "ಸಾರ್, ಅವತ್ತು ನನ್ನ ಪಾಠ ಸರಿಯಾಗಲಿಲ್ವಾ?" ಎಂದು ಕೇಳಿದ. ಅಷ್ಟರಲ್ಲಿ ಪಾಯಸ ಬಂತು, ಇನ್ನೊಂದು ಸೌಟು ಹಾಕಿಸಿಕೊಂಡೆ.