ಎಷ್ಟು ದಿನ ಕ್ಯೂರಿಂಗ್ ಮಾಡಿದಿರಿ ಅಂತ ಕೇಳಿದ್ದಕ್ಕೆ

ನಗು ಬರದಿದ್ದರೆ ನಗಬೇಡಿ. ಯಾರೂ ಬಲವಂತ ಮಾಡಿಲ್ಲ. ಆದರೆ ತಮಾಷೆಯನ್ನು ಬಿಡಿಸಿ ಬಿಡಿಸಿ ವಿವರಿಸುತ್ತಾರಲ್ಲ, ನಮ್ಮ ಭಾವನಂಥವರಿಗೆ ಏನು ಮಾಡಬೇಕು ಹೇಳಿ.

ಆಗಿದ್ದಿಷ್ಟೇ. ದೊಡ್ಡಪ್ಪ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ತಿಂಡಿ ಫೋಟೋ ಹಾಕಿದರು. ಬಟ್ಟಲಲ್ಲಿ ಒತ್ತಿ ತಟ್ಟೆಗೆ ಕವುಚಿದ ಉಪ್ಪಿಟ್ಟು, ನೆತ್ತಿಯ ಮೇಲೆ ಒಂದೇ ಒಂದು ಗೋಡಂಬಿ. ನಾನು ಬರೆದೆ: "ಎಷ್ಟು ದಿನ ಕ್ಯೂರಿಂಗ್ ಮಾಡಿದಿರಿ ದೊಡ್ಡಪ್ಪ?" ಅವರು ಸರ್ಕಾರಿ ಇಂಜಿನಿಯರ್ ಆಗಿದ್ದವರು, ಮೊದಲು ನಗುವುದೇ ಅವರು ಅಂದುಕೊಂಡಿದ್ದೆ.

ಸದ್ದಿಲ್ಲ. ಹೆಚ್ಚುಕಮ್ಮಿ ಎಲ್ಲರದ್ದೂ ನೀಲಿ ಟಿಕ್. ಮೆಸೇಜ್ ಇನ್ಫೋ ತೆಗೆದು ಯಾರು ಯಾವಾಗ ಓದಿದರು ಅಂತ ನೋಡುತ್ತಾ ಕೂತೆ. ಹೌದು, ನನಗೆ ಬೇರೆ ಕೆಲಸ ಇರಲಿಲ್ಲ. ಇತ್ತು, ಮಾಡಲಿಲ್ಲ. ಆಮೇಲೆ ದೊಡ್ಡಪ್ಪನ ಉತ್ತರ ಬಂತು. ಕಾಂಕ್ರೀಟು ಪೂರ್ತಿ ಗಟ್ಟಿಯಾಗಲು 28 ದಿನ ಲೆಕ್ಕ. ಎಂ20 ಅಂದರೆ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. "ಯಾಕೆ, ಮನೆ ಕಟ್ಟಿಸ್ತಾ ಇದೀಯಾ?" ಅಂತ ಕೊನೆಗೊಂದು ಪ್ರಶ್ನೆ.

ಅಲ್ಲಿಗೆ ಮುಗಿದಿದ್ದರೆ ನಾನಿಲ್ಲಿ ಬರೆಯುತ್ತಿರಲಿಲ್ಲ.

ದೊಡ್ಡಮ್ಮ ಕೇಳಿದರು, "ಕ್ಯೂರಿಂಗ್ ಅಂದ್ರೇನು?" ಭಾವ ಇಳಿದರು ಅಖಾಡಕ್ಕೆ. ಒಂದೊಂದು ಸಾಲೂ ಒಂದೊಂದು ಮೆಸೇಜು.

"ಅತ್ತೆ, ಕಾಂಕ್ರೀಟಿಗೆ ನೀರು ಹಾಕ್ತಾರಲ್ಲ, ಅದು."

"ಗಟ್ಟಿ ಆಗಲಿ ಅಂತ."

"ಅಂದ್ರೆ ನಿಮ್ಮ ಉಪ್ಪಿಟ್ಟು ಕಾಂಕ್ರೀಟ್ ಥರ ಇದೆ ಅಂತ ಅವನು ಹೇಳ್ತಾ ಇರೋದು."

ಆಮೇಲೆ ಟೈಪಿಂಗ್, ಟೈಪಿಂಗ್, ಟೈಪಿಂಗ್. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೇನೆ. ಬಂದಿದ್ದು ಒಂದೇ ಪದ. "ತಮಾಷೆಗೆ."

ಆ ಪದ ಮೊದಲೇ ಹಾಕೋಕೆ ಏನಾಗಿತ್ತು ಈ ಮನುಷ್ಯನಿಗೆ? ನನಗೆ ಉತ್ತರ ಬೇಕು. ಗೃಹಪ್ರವೇಶದ ಸಿಟ್ಟು ಇಲ್ಲಿ ತೀರಿಸಿಕೊಂಡರು ಅಂತ ನನ್ನ ತಂಗಿ ಹೇಳುತ್ತಾಳೆ. ಆ ವಿಷಯ ಇಲ್ಲಿ ಬೇಡ.

ಕೊನೆಗೆ ನನ್ನ ಮೆಸೇಜನ್ನು ಅಳಿಸಿದೆ. ಅಳಿಸಲು ಈಗ ಎರಡು ದಿನಕ್ಕೂ ಜಾಸ್ತಿ ಸಮಯ ಕೊಡುತ್ತಾರೆ. 2017ರಲ್ಲಿ ಈ ಸೌಲಭ್ಯ ಶುರುವಾದಾಗ ಏಳೇ ನಿಮಿಷ ಇತ್ತು. ಏನು ಪ್ರಯೋಜನ? ಅಳಿಸಿದ್ದೀನಿ ಅನ್ನೋದನ್ನು ಮಾತ್ರ ಅದು ಅಳಿಸಲ್ಲ. ಅಲ್ಲಿಯವರೆಗೆ ಗ್ರೂಪ್ ಕಡೆ ತಲೆ ಹಾಕದಿದ್ದ ಸೋದರತ್ತೆ ಎದ್ದು ಬಂದರು, "ಏನು ಡಿಲೀಟ್ ಮಾಡಿದ? ಕೆಟ್ಟದ್ದೇನಾದ್ರೂ ಹಾಕಿದ್ನಾ?" ಭಾವನ ಹತ್ತಿರ ಸ್ಕ್ರೀನ್‌ಶಾಟ್ ರೆಡಿ ಇತ್ತು. ಇರದೇ ಇರುತ್ತಾ.

ಆಮೇಲೆ ದೊಡ್ಡಮ್ಮನ ವಾಯ್ಸ್ ನೋಟ್. ಹಿಂದೆ ಕುಕ್ಕರ್ ಕೂಗುತ್ತಿದೆ. "ಪರವಾಗಿಲ್ಲ ಮಗು. ನಿಂಗೆ ಬನ್ಸಿ ರವೆ ಇಷ್ಟ ಇಲ್ಲ ಅಂತ ಗೊತ್ತಿರಲಿಲ್ಲ. ಚಿಕ್ಕವನಿದ್ದಾಗ ಇನ್ನೊಂದು ಸಲ ಹಾಕಿಸ್ಕೊಂಡು ತಿಂತಿದ್ದೆ." ಬೈದಿದ್ದರೆ ಚೆನ್ನಾಗಿತ್ತು. ಬೈಸಿಕೊಂಡು ಸುಮ್ಮನಾಗಬಹುದಿತ್ತು. ಬೈಯೋ ಕೆಲಸ ಅಮ್ಮ ಫೋನ್ ಮಾಡಿ ಮುಗಿಸಿದರು, ಅದು ಬೇರೆ.

ಸ್ವಾಮಿ, ಉಪ್ಪಿಟ್ಟಿಗೆ ಕಾಂಕ್ರೀಟ್ ಅನ್ನೋದನ್ನು ನಾನು ಕಂಡುಹಿಡಿದೆನಾ? ಕರ್ನಾಟಕದ ಯಾವ ಹಾಸ್ಟೆಲ್‌ನಲ್ಲಿ ಇದನ್ನು ಹೇಳಿಲ್ಲ? ಯಾರಾದರೂ ಒಬ್ಬರು ಹೇಳಿ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ.

ಸರಿ ಬಿಡಿ, ಅವರ ಕಾಲ ಬೇರೆ, ತಮಾಷೆ ಎಲ್ಲರಿಗೂ ಹಿಡಿಸಲ್ಲ ಅಂತ ಸಮಾಧಾನ ಮಾಡಿಕೊಂಡೆ. ನಿಜವಾಗಿಯೂ ಮಾಡಿಕೊಂಡಿದ್ದೆ. ಮಧ್ಯಾಹ್ನ ಊಟವೂ ಆಯಿತು. ಆಗ ಭಾವ ಒಂದು ಫಾರ್ವರ್ಡ್ ಹಾಕಿದರು. ಹಳದಿ ಹಿನ್ನೆಲೆ, ಮೂಲೆಯಲ್ಲಿ ಗುಲಾಬಿ. ಹೆಂಡತಿ: ಉಪ್ಪಿಟ್ಟು ಹೇಗಿದೆ? ಗುಂಡ: ಇನ್ನೊಂದು ಬಾಣಲೆ ಮಾಡು, ಕಾಂಪೌಂಡ್ ಮುಗಿಯುತ್ತೆ.

ಎಲ್ಲರೂ ನಕ್ಕರು. ಎಲ್ಲರೂ! ಸೋದರತ್ತೆ ಕಣ್ಣೀರು ಬರುವ ಮುಖ ಸಾಲಾಗಿ ಹಾಕಿದರು. ದೊಡ್ಡಪ್ಪ "ಸೂಪರ್" ಅಂದರು, ಎಂ20 ಲೆಕ್ಕ ಯಾರಿಗೂ ಹೇಳಲಿಲ್ಲ. ದೊಡ್ಡಮ್ಮ, ನಮ್ಮ ದೊಡ್ಡಮ್ಮನೇ, "ಅಯ್ಯೋ ನಕ್ಕು ನಕ್ಕು ಸಾಕಾಯ್ತು" ಅಂದರು. ಗುಂಡ ಹೇಳಿದರೆ ನಗು, ನಾನು ಹೇಳಿದರೆ ವಾಯ್ಸ್ ನೋಟ್. ಆ ಮೆಸೇಜಿನ ಮೇಲೆ ಜೋಡಿ ಬಾಣ ಇತ್ತು, ಅಂದರೆ ಊರೆಲ್ಲ ಸುತ್ತಿ ಬಂದ ಸರಕು. ನಮ್ಮ ರಾಷ್ಟ್ರಗೀತೆ ಜಗತ್ತಿಗೇ ಶ್ರೇಷ್ಠ ಅಂತ ಯುನೆಸ್ಕೋ ಹೇಳಿದೆ ಅನ್ನೋ ಹಳೇ ಸುಳ್ಳನ್ನು ಪ್ರತಿ ಆಗಸ್ಟ್‌ನಲ್ಲೂ ಭಕ್ತಿಯಿಂದ ಕಳಿಸುವ ಜನ ಇವರು. ನಮ್ಮ ಹುಡುಗನೇ ಕೂತು ಯೋಚಿಸಿ ಬರೆದ ಒಂದು ಸಾಲು ಅರಗಲ್ಲ ಇವರಿಗೆ.

ಗ್ರೂಪ್ ಬಿಡೋಣ ಅಂದುಕೊಂಡೆ. 2022ರಿಂದೀಚೆಗೆ ಯಾರಾದರೂ ಗ್ರೂಪ್ ಬಿಟ್ಟರೆ ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುತ್ತದಂತೆ. ನಮ್ಮ ಅಡ್ಮಿನ್ ಯಾರು? ಅದೇ ಭಾವ. ಬಿಟ್ಟ ಮರುಕ್ಷಣ "ಯಾಕೋ ಬೇಜಾರಾಯ್ತಾ?" ಅಂತ ಫೋನ್ ಬರುತ್ತದೆ, ಆಮೇಲೆ ಆ ಬೇಜಾರನ್ನೂ ಗ್ರೂಪಿನಲ್ಲಿ ಸಾಲು ಸಾಲಾಗಿ ವಿವರಿಸುತ್ತಾರೆ.

ಮ್ಯೂಟ್ ಮಾಡಿದ್ದೇನೆ. ಎಂಟು ಗಂಟೆಗಳ ಕಾಲ ಮಾತ್ರ. ಯಾವಾಗಲೂ ಅಂತ ಒತ್ತೋಣ ಅಂದರೆ, ಭಾನುವಾರದ ಹೋಳಿಗೆ ಊಟದ ಲೊಕೇಶನ್ ಇನ್ನೂ ಅಲ್ಲೇ ಬರಬೇಕು.