ಗೊಣಗುವುದಿದ್ದರೆ 'ಬೈವೀಕ್ಲಿ' ಬಗ್ಗೆ ಗೊಣಗೋಣ

ಇಂಗ್ಲಿಷ್ ಹಾಳಾಗಿ ಹೋಯಿತು ಎಂದು ಯಾರು ಬರೆದರೂ ಅದರಲ್ಲಿ ಮೂರು ದೂರು ಇದ್ದೇ ಇರುತ್ತವೆ. ಅಕ್ಷರಶಃ ಅಲ್ಲದ ಮಾತಿಗೂ 'ಲಿಟರಲಿ' ಹಾಕುತ್ತಾರೆ, ಎಣಿಸಬಹುದಾದ ವಸ್ತುಗಳಿಗೆ 'ಫ್ಯೂಯರ್' ಬರಬೇಕಾದ ಕಡೆ 'ಲೆಸ್' ಬರೆಯುತ್ತಾರೆ, ಒಬ್ಬರೇ ಇದ್ದರೂ 'ದೇ' ಅನ್ನುತ್ತಾರೆ. ಈ ಮೂರರಿಂದ ಓದುವವರಿಗೆ ಯಾವ ನಷ್ಟವೂ ಆಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಜವಾಗಿ ಕೆಲಸ ಕೆಡಿಸುವ ಪದಗಳು ಬೇರೆಯೇ ಇವೆ. ಅವುಗಳ ಬಗ್ಗೆ ಯಾರೂ ಸೊಲ್ಲೆತ್ತುವುದಿಲ್ಲ.

ಮೊದಲು ಈ ಮೂರನ್ನು ಮುಗಿಸಿಬಿಡೋಣ. 'ಲಿಟರಲಿ'ಯನ್ನು ಉತ್ಪ್ರೇಕ್ಷೆಗೆ ಬಳಸುವುದು 18ನೇ ಶತಮಾನದಿಂದಲೇ ಇದೆ. ಅಮೆರಿಕದ ವೆಬ್‌ಸ್ಟರ್ ನಿಘಂಟು 1909ರಲ್ಲೇ ಅದನ್ನು ದಾಖಲಿಸಿತ್ತು. 'ಲೆಸ್' ಕಥೆ ಇನ್ನೂ ಹಳೆಯದು. 9ನೇ ಶತಮಾನದಲ್ಲಿ ಆಲ್ಫ್ರೆಡ್ ದೊರೆಯ ಬರವಣಿಗೆಯಲ್ಲೇ ಎಣಿಸಬಹುದಾದ ವಸ್ತುಗಳಿಗೆ ಈ ಪದ ಬಂದಿದೆ. 'ಫ್ಯೂಯರ್' ಆದರೆ ಚೆನ್ನಾಗಿರುತ್ತದೆ ಎಂದು ರಾಬರ್ಟ್ ಬೇಕರ್ ಎಂಬಾತ 1770ರಲ್ಲಿ ತನ್ನ ಇಷ್ಟ ಹೇಳಿಕೊಂಡ. ಮುಂದೆ ಬಂದವರು ಆ ಇಷ್ಟವನ್ನೇ ಕಾನೂನು ಮಾಡಿದರು. ಈ ಕಾನೂನಿಗೆ ಅಂಟಿಕೊಂಡವರೂ ದೂರ, ಹಣ, ಕಾಲ ಅಳೆಯುವಾಗ 'ಲೆಸ್ ದ್ಯಾನ್ ಟೆನ್ ಮೈಲ್ಸ್' ಅಂತಲೇ ಬರೆಯುತ್ತಾರೆ. ಅಲ್ಲಿ 'ಫ್ಯೂಯರ್' ಹಾಕಿದರೆ ಅವರಿಗೇ ಕಿವಿಗೆ ಹಿತವಾಗುವುದಿಲ್ಲ.

ಇನ್ನು 'ದೇ'. ಒಬ್ಬ ವ್ಯಕ್ತಿಯನ್ನು, ಅದರಲ್ಲೂ ಗಂಡೋ ಹೆಣ್ಣೋ ಗೊತ್ತಿಲ್ಲದವರನ್ನು, ಹೀಗೆ ಕರೆಯುವುದು 14ನೇ ಶತಮಾನದಿಂದ ಬಂದ ರೂಢಿ. ಸುದ್ದಿಮನೆಗಳಿಗೆ ಶೈಲಿ ಹಾಕಿಕೊಡುವ ಅಸೋಸಿಯೇಟೆಡ್ ಪ್ರೆಸ್ 2017ರಲ್ಲಿ ಅದನ್ನು ಸೀಮಿತವಾಗಿ ಒಪ್ಪಿಕೊಂಡಿತು, ಅಷ್ಟೇ. ಕನ್ನಡದವರಾದ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನಿದೆ? ಒಬ್ಬರೇ ಬಂದರೂ 'ಅವರು ಬಂದರು' ಅನ್ನುವವರು ನಾವು. ಬಹುವಚನ ಏಕವಚನದ ಕೆಲಸಕ್ಕೆ ಇಳಿದರೆ ಅರ್ಥ ಕುಸಿದುಬೀಳುವುದಿಲ್ಲ ಎಂಬುದು ನಮಗೆ ದಿನನಿತ್ಯದ ಅನುಭವ. ಇಂಗ್ಲಿಷಿನ 'ಯು' ಕೂಡ ಮೊದಲು ಬಹುವಚನವೇ ಆಗಿತ್ತು.

ಪದದ ಅರ್ಥ ಪೂರ್ತಿ ಮಗುಚಿಕೊಂಡರೂ ತೊಂದರೆಯಾಗದಿರಬಹುದು. 'ನೈಸ್' ಎಂದರೆ ಮೊದಲು ಏನೂ ಅರಿಯದವನು, ದಡ್ಡ. 'ಸಿಲ್ಲಿ' ಎಂದರೆ ಪುಣ್ಯವಂತ, ಸುಖಿ. ಸಂಸ್ಕೃತದಲ್ಲಿ ಸಾಧಿಸಿ ತೋರಿಸಿದ ಸಿದ್ಧಾಂತವಾಗಿದ್ದ 'ರಾದ್ಧಾಂತ' ಕನ್ನಡಕ್ಕೆ ಬಂದು ದೊಡ್ಡ ಗಲಾಟೆಯಾಯಿತು. ನಡುವಿನದು ಎಂಬ ಅರ್ಥದ 'ಅವಾಂತರ' ಅನಾಹುತವಾಯಿತು. ಇವುಗಳಿಂದ ಈಗ ಯಾರಿಗೂ ಗೊಂದಲವಿಲ್ಲ, ಏಕೆಂದರೆ ಬದಲಾವಣೆ ಮುಗಿದುಹೋಗಿದೆ, ಹಳೆಯ ಅರ್ಥ ಬಳಕೆಯಿಂದ ಎದ್ದುಹೋಗಿದೆ. 'ಮಾಬ್' (ಗದ್ದಲದ ಗುಂಪು) ಎಂಬ ಮೊಟಕು ಪದ ಕೇಳಿ 1710ರ ಸುಮಾರಿಗೆ ಲೇಖಕ ಜೊನಾಥನ್ ಸ್ವಿಫ್ಟ್ ಸಿಡಿಮಿಡಿಗೊಂಡಿದ್ದ. ಇವತ್ತು ಆ ಪದ ಇಲ್ಲದ ಇಂಗ್ಲಿಷ್ ಪತ್ರಿಕೆಯೇ ಇಲ್ಲ.

ತೊಂದರೆ ಇರುವುದು ಅರ್ಧ ದಾರಿಯಲ್ಲಿ ನಿಂತ ಪದಗಳಲ್ಲಿ. ಎರಡು ಅರ್ಥಗಳೂ ಒಟ್ಟಿಗೆ ಬದುಕಿರುತ್ತವೆ, ಇಲ್ಲಿ ಯಾವುದೆಂದು ಅಕ್ಕಪಕ್ಕದ ವಾಕ್ಯ ಹೇಳುವುದಿಲ್ಲ, ತಪ್ಪು ತಿಳಿದುಕೊಂಡವರಿಗೂ ತಾವು ಸರಿಯಾಗಿಯೇ ಓದಿದೆವು ಅನ್ನಿಸುತ್ತದೆ. 'ಲಿಟರಲಿ'ಯಲ್ಲಿ ಹೀಗಾಗುವುದು ತೀರಾ ಅಪರೂಪ. ನಗುತ್ತ ನಗುತ್ತ ಸತ್ತೇಹೋದೆ ಎಂದವರಿಗೆ ಯಾರೂ ಆಂಬ್ಯುಲೆನ್ಸ್ ಕರೆಯುವುದಿಲ್ಲ.

'ಬೈವೀಕ್ಲಿ' ಹಾಗಲ್ಲ. ವಾರಕ್ಕೆ ಎರಡು ಸಲ, ಎರಡು ವಾರಕ್ಕೆ ಒಂದು ಸಲ ಎಂಬ ಎರಡೂ ಅರ್ಥಗಳನ್ನು ನಿಘಂಟುಗಳು ಕೊಡುತ್ತವೆ. ಒಂದು ಇನ್ನೊಂದರ ನಾಲ್ಕು ಪಟ್ಟು. ವರ್ಷಕ್ಕೆ 104 ಸಭೆಯೋ 26 ಸಭೆಯೋ ಎಂಬ ಅಂತರ ಅದು. 'ಬೈಮಂತ್ಲಿ'ಯಲ್ಲಿ 24 ಅಥವಾ 6. 'ಬೈಆನ್ಯುಅಲ್' ಎಂದರೆ ಸಾಮಾನ್ಯವಾಗಿ ವರ್ಷಕ್ಕೆರಡು ಸಲ, 'ಬೈಎನಿಯಲ್' ಎಂದರೆ ಎರಡು ವರ್ಷಕ್ಕೊಮ್ಮೆ. ಆದರೆ ಈ ಭೇದವನ್ನು ಓದುವವರು ನೆನಪಿಟ್ಟಿರುತ್ತಾರೆ ಎಂದು ನಂಬಿ ಒಪ್ಪಂದ ಬರೆಯುವುದು ಅಪಾಯ. 'ಫೋರ್ಟ್‌ನೈಟ್ಲಿ' ಚೊಕ್ಕ ಪದ, ಆದರೆ ಅಮೆರಿಕದವರಲ್ಲಿ ಅದರ ಬಳಕೆಯೇ ಇಲ್ಲ ಎನ್ನಬಹುದು. ಹಾಗಾಗಿ 'ಎವ್ರಿ ಟೂ ವೀಕ್ಸ್' ಅಥವಾ 'ಟ್ವೈಸ್ ಎ ವೀಕ್' ಎಂದು ಬಿಡಿಸಿ ಬರೆಯುವುದೇ ದಾರಿ. ಜೊತೆಗೆ ಮೊದಲ ಎರಡು ದಿನಾಂಕಗಳನ್ನೂ ಕೊಟ್ಟುಬಿಟ್ಟರೆ ಅನುಮಾನಕ್ಕೆ ಎಡೆಯೇ ಉಳಿಯುವುದಿಲ್ಲ.

ಇದೇ ಜಾತಿಯ ಇನ್ನೊಂದು ಪದ 'ಟೇಬಲ್', ಕ್ರಿಯಾಪದವಾಗಿ. ಬ್ರಿಟನ್ನಿನಲ್ಲಿ ಒಂದು ವಿಷಯವನ್ನು ಟೇಬಲ್ ಮಾಡುವುದೆಂದರೆ ಚರ್ಚೆಗೆ ಎತ್ತಿಕೊಳ್ಳುವುದು, ಅಮೆರಿಕದಲ್ಲಿ ಬದಿಗಿಡುವುದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಎರಡೂ ಕಡೆಯ ಸೇನಾಧಿಕಾರಿಗಳು ಈ ಒಂದು ಪದದ ಮೇಲೆ ಕಾವೇರಿಸಿಕೊಂಡು ವಾದಿಸಿದ್ದನ್ನು ಚರ್ಚಿಲ್ ದಾಖಲಿಸಿದ್ದಾರೆ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ, ತಕ್ಷಣ ಚರ್ಚೆಯಾಗಬೇಕು ಎಂಬುದು. 'ಮೂಟ್' ಕೂಡ ಹಾಗೆಯೇ, ಬ್ರಿಟಿಷರಿಗೆ ಇನ್ನೂ ವಾದಕ್ಕೆ ತೆರೆದಿರುವ ಪ್ರಶ್ನೆ, ಅಮೆರಿಕನ್ನರಿಗೆ ವಾದಿಸಿ ಪ್ರಯೋಜನವಿಲ್ಲದ ಪ್ರಶ್ನೆ. 'ಸ್ಯಾಂಕ್ಷನ್' ಒಪ್ಪಿಗೆಯೂ ಹೌದು, ದಂಡನೆಯೂ ಹೌದು. ಮೇಲ್ವಿಚಾರಣೆಗೂ 'ಓವರ್‌ಸೈಟ್', ಕಣ್ತಪ್ಪಿಗೂ ಅದೇ. ಇವನ್ನು ಶೀರ್ಷಿಕೆಯಲ್ಲಿ, ಇಮೇಲಿನ ವಿಷಯದ ಸಾಲಿನಲ್ಲಿ ಹಾಕಲೇಬಾರದು. ಅರ್ಥ ಬಿಡಿಸಿಕೊಡಲು ಅಲ್ಲಿ ಸುತ್ತಲಿನ ಮಾತು ಇರುವುದಿಲ್ಲ.

ಸಂಖ್ಯೆಗಳಲ್ಲಿ ಏಟು ಇನ್ನೂ ದೊಡ್ಡದು. ಬ್ರಿಟನ್ನಿನಲ್ಲಿ 'ಬಿಲಿಯನ್' ಎಂದರೆ ಹಿಂದೆ 1ರ ಮುಂದೆ 12 ಸೊನ್ನೆ, ಅಂದರೆ 1 ಲಕ್ಷ ಕೋಟಿ. ಅಮೆರಿಕದಲ್ಲಿ 9 ಸೊನ್ನೆ, 100 ಕೋಟಿ. ಸರಕಾರ ಇನ್ನು ಮುಂದೆ 9 ಸೊನ್ನೆಯ ಲೆಕ್ಕವನ್ನೇ ಬಳಸುತ್ತದೆ ಎಂದು 1974ರ ಡಿಸೆಂಬರಿನಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಬ್ರಿಟಿಷ್ ಸಂಸತ್ತಿಗೆ ತಿಳಿಸಿದರು. ಅದಕ್ಕಿಂತ ಹಿಂದಿನ ಬ್ರಿಟಿಷ್ ಪುಸ್ತಕದಿಂದ ಅಂಕಿ ಎತ್ತುವವರು ಸೊನ್ನೆಗಳನ್ನು ನೋಡದೆ ಪದವನ್ನು ನಂಬಿದರೆ ಲೆಕ್ಕ ಸಾವಿರ ಪಟ್ಟು ತಪ್ಪಬಹುದು. ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ಇವತ್ತಿಗೂ 'ಬಿಲಿಯನ್' 12 ಸೊನ್ನೆಯದೇ. ಅದನ್ನು ಇಂಗ್ಲಿಷಿಗೆ ತರುವಾಗ 'ಟ್ರಿಲಿಯನ್' ಆಗಬೇಕು, ಅವರ 'ಮಿಲಿಯಾರ್ಡ್' ಇಂಗ್ಲಿಷಿನ 'ಬಿಲಿಯನ್' ಆಗಬೇಕು. ಕನ್ನಡದಲ್ಲಿ ಬರೆಯುವವರು ಲಕ್ಷ, ಕೋಟಿಗೆ ಇಳಿಸಿ ಬರೆದರೆ ಈ ಗೋಜಲೇ ಇಲ್ಲ. ನಮ್ಮ ಕೋಟಿಗೆ ಎರಡು ಅರ್ಥವಿಲ್ಲ.

ಶೇಕಡಾವಾರಿನಲ್ಲೂ ಇಂಥದ್ದೇ ಜಾರುವಿಕೆ ಹೆಚ್ಚುತ್ತಿದೆ. ಬಡ್ಡಿ ಶೇ 5ರಿಂದ ಶೇ 6ಕ್ಕೆ ಏರಿದರೆ ಅದು ಶೇ 1ರ ಏರಿಕೆಯಲ್ಲ. ಒಂದು ಪರ್ಸೆಂಟೇಜ್ ಪಾಯಿಂಟ್ ಏರಿಕೆ, ಶೇಕಡಾ ಲೆಕ್ಕದಲ್ಲಿ ಶೇ 20. 'ಎಕ್ಸ್‌ಪೊನೆನ್ಷಿಯಲ್' ಎಂಬುದನ್ನು ಈಗ 'ತುಂಬಾ' ಎಂಬ ಅರ್ಥದಲ್ಲಿ ಬಳಸುತ್ತಾರೆ. ಅದು ನನಗೆ ನಿಜಕ್ಕೂ ನೋವಿನ ಸಂಗತಿ. ಸಮಾನ ಅವಧಿಗೊಮ್ಮೆ ಅದೇ ಪಟ್ಟಿನಲ್ಲಿ ಬೆಳೆಯುವುದು, 2, 4, 8, 16 ಹೀಗೆ, ಅದರ ಅರ್ಥ. ಎರಡೇ ಅಂಕಿ ಇಟ್ಟುಕೊಂಡು ಬೆಳವಣಿಗೆ ಆ ಬಗೆಯದು ಎಂದು ಹೇಳಲು ಬರುವುದಿಲ್ಲ, ಕಡೇಪಕ್ಷ ಮೂರು ಬೇಕು. ಸೋಂಕು ಹರಡುವುದನ್ನು ವಿವರಿಸಲು ಬೇಕಾದ ಪದ ಇದು. 'ತುಂಬಾ' ಎನ್ನಲು ಇಂಗ್ಲಿಷಿನಲ್ಲಿ ಬೇರೆ ನೂರು ಪದಗಳಿವೆ, ಈ ಕೆಲಸಕ್ಕೆ ಇಷ್ಟು ಸಲೀಸಾದ ಇನ್ನೊಂದಿಲ್ಲ.

ಗೊಂದಲವನ್ನು ಬೇಕೆಂದೇ ಸರಿಪಡಿಸಿದ ಉದಾಹರಣೆಯೂ ಇದೆ. 'ಇನ್‌ಫ್ಲೇಮಬಲ್' ಎಂದರೆ ಬೇಗ ಹೊತ್ತಿಕೊಳ್ಳುವಂಥದ್ದು. ಆ 'ಇನ್' ಇಲ್ಲಿ ನಿಷೇಧವಲ್ಲ, ಲ್ಯಾಟಿನ್ನಿನಿಂದ ಬಂದ 'ಒಳಗೆ' ಎಂಬ ಅರ್ಥದ್ದು. ಆದರೆ ಡಬ್ಬದ ಮೇಲೆ ಓದುವವರು 'ಹೊತ್ತಿಕೊಳ್ಳದು' ಎಂದುಕೊಂಡರೆ? ಅದಕ್ಕೇ 1920ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 'ಫ್ಲೇಮಬಲ್' ಬಳಸಿ ಎಂದು ಒತ್ತಾಯಿಸಿತು. ಇವತ್ತು ಟ್ಯಾಂಕರುಗಳ ಮೇಲೆ ಕಾಣುವುದು ಅದೇ ಪದ. ಹಳೆಯದನ್ನೇ ಸರಿ ಎಂದು ಹಿಡಿದು ಕೂತಿದ್ದರೆ ಕೈ ಸುಟ್ಟುಕೊಳ್ಳುತ್ತಿದ್ದವರು ಓದುಗರು.

ಅಸೋಸಿಯೇಟೆಡ್ ಪ್ರೆಸ್ ಶೈಲಿಯಲ್ಲಿ 'ಇ-ಮೇಲ್'ನ ಅಡ್ಡಗೆರೆ 2011ರಲ್ಲಿ ಹೋಯಿತು, 2016ರಲ್ಲಿ 'ಇಂಟರ್‌ನೆಟ್' ಸಣ್ಣ ಅಕ್ಷರಕ್ಕಿಳಿಯಿತು, ಪೂರ್ಣವಿರಾಮದ ನಂತರ ಎರಡು ಸ್ಪೇಸ್ ಬಿಟ್ಟರೆ 2020ರಿಂದ ಮೈಕ್ರೋಸಾಫ್ಟ್ ವರ್ಡ್ ತಪ್ಪೆಂದು ಗುರುತು ಹಾಕುತ್ತದೆ. ಇವುಗಳ ಮೇಲೆ ಜಗಳವಾಡುವ ಶಕ್ತಿಯನ್ನು ದಿನಾಂಕಕ್ಕೆ ಖರ್ಚು ಮಾಡಿ. 03/04/2025 ಎಂಬುದು ಒಬ್ಬರಿಗೆ ಏಪ್ರಿಲ್ 3, ಇನ್ನೊಬ್ಬರಿಗೆ ಮಾರ್ಚ್ 4. ತಾರೀಖು 12 ದಾಟಿದರೆ ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತದೆ, ಏಕೆಂದರೆ 13ನೇ ತಿಂಗಳು ಇಲ್ಲ. 12ರ ಒಳಗಿದ್ದರೆ ಸುಳಿವೇ ಸಿಗದು. ಲೆಕ್ಕ ಹಾಕಿದರೆ ವರ್ಷದಲ್ಲಿ 144 ದಿನ ಹೀಗೆ ಬರುತ್ತವೆ, ದಿನವೂ ತಿಂಗಳೂ ಒಂದೇ ಆಗಿರುವ 12 ಬಿಟ್ಟರೆ 132. ಇದಕ್ಕೆ ಪರಿಹಾರ 1988ರಲ್ಲೇ ಐಎಸ್‌ಒ 8601 ಎಂಬ ಅಂತಾರಾಷ್ಟ್ರೀಯ ಮಾನದಂಡದ ಹೆಸರಿನಲ್ಲಿ ಬಂದಿದೆ, ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ, 2025-04-03. ಕಡತದ ಹೆಸರಿನ ಮೊದಲಿಗೆ ಹೀಗೆ ಬರೆದಿಟ್ಟರೆ ಕಂಪ್ಯೂಟರು ಅವನ್ನು ಕಾಲಕ್ರಮದಲ್ಲೇ ಜೋಡಿಸಿಕೊಡುತ್ತದೆ. ಪತ್ರದಲ್ಲಿ ಅದು ಒರಟಾಗಿ ಕಂಡರೆ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ.